ಮಿಕ್ಸರ್‌ನಿಂದ ಆಂಪ್ಲಿಫೈಯರ್‌ವರೆಗೆ: ವೇದಿಕೆಯ ಧ್ವನಿಮಟ್ಟ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಗಣೇಶೋತ್ಸವದಲ್ಲಿ ಶುರುವಾಗಿ ರಾಜ್ಯೋತ್ಸವದವರೆಗೆ ನಡೆಯುವ ಕಾರ್ಯಕ್ರಮಗಳ ಸಾಲಿನಲ್ಲಿ ಪ್ರತಿ ವರ್ಷವೂ ಅವೇ ದೂರುಗಳು. ‘ಆಂಪ್ಲಿಫೈಯರ್ ಪೂರ್ತಿ ಏರಿಸಿದರೂ ಸೌಂಡ್ ಸಾಲುವುದಿಲ್ಲ.’ ‘ಯಾರೂ ಹಾಡದಿದ್ದಾಗಲೂ ಸ್ಪೀಕರ್‌ನಿಂದ ಸುಯ್ ಎನ್ನುವ ಸದ್ದು.’ ‘ಸ್ಪೀಕರ್‌ಗೆ ಹೊಸ ಡ್ರೈವರ್ ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಸುಟ್ಟುಹೋಯಿತು.’ ಉಪಕರಣ ಕಳಪೆ ಎಂದು ಬೈಯುವ ಮೊದಲು ಮಟ್ಟ ಹೊಂದಿಸಿದ ಕ್ರಮವನ್ನು ನೋಡಬೇಕು. ಹೆಚ್ಚಿನವರು ಮೊದಲು ಆಂಪ್ಲಿಫೈಯರ್ ತಿರುಗಿಸುತ್ತಾರೆ, ಆಮೇಲೆ ಮಿಕ್ಸರ್‌ನ ಒಟ್ಟು ಮಟ್ಟದ ಮಾಸ್ಟರ್ ಏರಿಸುತ್ತಾರೆ, ಪ್ರತಿ ಚಾನೆಲ್‌ನ ಮೊದಲ ನಾಬ್ ಆದ ಗೇನ್ ಕಡೆ ಕಣ್ಣು ಹಾಯಿಸುವುದು ಕಟ್ಟಕಡೆಗೆ. ಆಗಬೇಕಾದದ್ದು ಇದರ ತದ್ವಿರುದ್ಧ. ಆಂಪ್ಲಿಫೈಯರ್‌ನ ಸ್ವಿಚ್ ಒತ್ತುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರಬೇಕು.

ಉದಾಹರಣೆಗೆ ಸಾಧಾರಣ ಸಮುದಾಯ ಭವನದ ಒಂದು ಸುಗಮ ಸಂಗೀತ ಕಾರ್ಯಕ್ರಮವನ್ನು ಇಟ್ಟುಕೊಳ್ಳೋಣ: ಇಬ್ಬರು ಗಾಯಕರು, ಕೀಬೋರ್ಡ್, ತಬಲಾ, ಕೊಳಲು, ರಿದಮ್ ಪ್ಯಾಡ್, ನಿರೂಪಕಿಗೊಂದು ಕಾರ್ಡ್‌ಲೆಸ್ ಮೈಕ್. ಹದಿನಾರು ಚಾನೆಲ್‌ನ ಅನಲಾಗ್ ಮಿಕ್ಸರ್, ಸಭೆಯ ಕಡೆಗೆ ಎರಡು ಟಾಪ್ ಸ್ಪೀಕರ್, ಕಲಾವಿದರಿಗೆ ತಮ್ಮ ಸದ್ದು ಕೇಳಿಸಲು ಎರಡು ಮಾನಿಟರ್ ಸ್ಪೀಕರ್, ಎರಡು ಪವರ್ ಆಂಪ್ಲಿಫೈಯರ್. ಇದಕ್ಕಿಂತ ದೊಡ್ಡ ವ್ಯವಸ್ಥೆಗೂ ಕ್ರಮ ಇದೇ.

## ಕೈಯಲ್ಲಿ ಇರಬೇಕಾದವು

ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಯಾವ ಚಾನೆಲ್‌ನಲ್ಲಿ ಏನು ಬರುತ್ತಿದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಕೀಬೋರ್ಡ್, ಪ್ಯಾಡ್, ಲ್ಯಾಪ್‌ಟಾಪ್‌ಗಳಿಗೆ ಡಿಐ ಬಾಕ್ಸ್ (ಅವುಗಳ ಸಂಕೇತವನ್ನು ಮಿಕ್ಸರ್‌ನ ಮೈಕ್ ಸಾಕೆಟ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ), ಒಂದೆರಡು ಹೆಚ್ಚುವರಿ ಮೈಕ್ ಕೇಬಲ್, ಮಲ್ಟಿಮೀಟರ್, ಟಾರ್ಚ್, ಬಿಳಿ ಟೇಪ್ ಮತ್ತು ಮಾರ್ಕರ್ ಪೆನ್ ಇರಲಿ. ನಿಮಗೆ ಅಕ್ಷರಶಃ ಬಾಯಿಪಾಠ ಆಗಿರುವ ಒಂದು ಹಾಡಿನ ಒಳ್ಳೆಯ ಗುಣಮಟ್ಟದ ಕಡತವನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡಿರಿ. ಕಾರ್ಯಕ್ರಮದ ಹೊತ್ತಿನಲ್ಲಿ ಇಂಟರ್ನೆಟ್ ಹುಡುಕುತ್ತಾ ಕೂರುವುದು ಬೇಡ.

## ಹಂತ 1: ವಿದ್ಯುತ್ ಮತ್ತು ಕೇಬಲ್

ಮಿಕ್ಸರ್, ಆಂಪ್ಲಿಫೈಯರ್, ವೇದಿಕೆಯ ಮೇಲಿನ ಕೀಬೋರ್ಡ್ ಎಲ್ಲವೂ ಒಂದೇ ಫೇಸ್‌ನಿಂದ, ಅರ್ತಿಂಗ್ ಇರುವ ಸಾಕೆಟ್‌ನಿಂದ ವಿದ್ಯುತ್ ಪಡೆಯಲಿ. ಸೀರಿಯಲ್ ಸೆಟ್, ಡಿಮ್ಮರ್ ದೀಪಗಳು, ಫ್ಯಾನ್‌ಗಳು ಬೇರೆ ಲೈನ್‌ನಲ್ಲಿರಲಿ. ಜನರೇಟರ್ ಇದ್ದರೆ ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್‌ನಲ್ಲಿ 230 ವೋಲ್ಟ್‌ನ ಆಸುಪಾಸು ಇದೆಯೇ ನೋಡಿ.

ಸ್ಪೀಕರ್‌ನಲ್ಲಿ ಹಮ್ (ಗುಂಯ್ ಎನ್ನುವ ಸದ್ದು) ಬರುತ್ತಿದೆ ಎಂದು ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕುವ ಚಾಳಿ ನಮ್ಮಲ್ಲಿ ಬಹಳ ಇದೆ. ಹಾಗೆ ಮಾಡಬೇಡಿ. ಮೈಕ್‌ನ ಲೋಹಕ್ಕೆ ಗಾಯಕರ ತುಟಿ ತಾಗುತ್ತದೆ, ಅಷ್ಟು ನೆನಪಿದ್ದರೆ ಸಾಕು. ಹಮ್ ಸಾಮಾನ್ಯವಾಗಿ ಬರುವುದು ಕೀಬೋರ್ಡ್ ಅಥವಾ ಲ್ಯಾಪ್‌ಟಾಪ್‌ನ ಕಡೆಯಿಂದ. ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ.

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ದಪ್ಪ ತಾಮ್ರದ ಸ್ಪೀಕರ್ ಕೇಬಲ್ಲೇ ಆಗಬೇಕು. ಮೈಕ್ ಕೇಬಲ್ ಅಥವಾ ಗಿಟಾರ್ ಕೇಬಲ್ ಸಿಕ್ಕಿಸಿದರೆ ಅದು ಬಿಸಿಯಾಗುತ್ತದೆ, ಪವರ್ ದಾರಿಯಲ್ಲೇ ಪೋಲಾಗುತ್ತದೆ. ಓಮ್ ಲೆಕ್ಕವನ್ನೂ ಈಗಲೇ ಮುಗಿಸಿ. 8 ಓಮ್‌ನ ಎರಡು ಸ್ಪೀಕರ್ ಒಂದೇ ಚಾನೆಲ್‌ಗೆ ಸೇರಿದರೆ ಅದು 4 ಓಮ್. ಮೂರನೆಯದು ಸೇರಿದರೆ 2.7 ಓಮ್‌ನಷ್ಟಾಗುತ್ತದೆ, ಅನೇಕ ಆಂಪ್ಲಿಫೈಯರ್‌ಗಳು ಅದನ್ನು ತಾಳುವುದಿಲ್ಲ. ಆಂಪ್ಲಿಫೈಯರ್‌ನ ಎರಡು ಚಾನೆಲ್ ಸೇರಿಸಿ ಒಂದಾಗಿಸಿದಾಗ, ಅಂದರೆ ಬ್ರಿಜ್ ಮಾಡಿದಾಗ, ಪ್ರತಿ ಚಾನೆಲ್‌ಗೂ ಕಾಣುವುದು ಅರ್ಧ ಓಮ್, ಅಂದರೆ 8 ಓಮ್‌ನ ಸ್ಪೀಕರ್ ಅದಕ್ಕೆ 4 ಓಮ್‌ನಂತೆ. ಆಂಪ್ಲಿಫೈಯರ್‌ನ ಹಿಂಬದಿಯ ಸ್ಟೀರಿಯೊ, ಪ್ಯಾರಲಲ್, ಬ್ರಿಜ್ ಸ್ವಿಚ್ ಹಿಂದಿನ ಕಾರ್ಯಕ್ರಮದಲ್ಲಿ ಎಲ್ಲಿತ್ತೋ ಅಲ್ಲೇ ಉಳಿದಿರಬಹುದು, ಟಾರ್ಚ್ ಹಿಡಿದು ನೋಡಿ.

ನಿಮ್ಮದು ಆಂಪ್ಲಿಫೈಯರ್ ಒಳಗೇ ಇರುವ ಆ್ಯಕ್ಟಿವ್ ಸ್ಪೀಕರ್ ಆಗಿದ್ದರೆ ಹಿಂಬದಿಯಲ್ಲಿ ಸಾಮಾನ್ಯವಾಗಿ ‘ಮೈಕ್’, ‘ಲೈನ್’ (ಮೈಕ್‌ಗಿಂತ ಬಹಳ ಜೋರಾದ ಸಂಕೇತ) ಎಂಬ ಸ್ವಿಚ್ ಇರುತ್ತದೆ. ಮಿಕ್ಸರ್‌ನಿಂದ ಬರುವ ತಂತಿಗೆ ‘ಲೈನ್’ ಇರಬೇಕು. ಅದು ‘ಮೈಕ್’ನಲ್ಲಿದ್ದರೆ ಎಲ್ಲ ಮೀಟರ್‌ಗಳೂ ಸರಿಯಾಗಿ ಕಾಣುತ್ತವೆ, ಸದ್ದು ಮಾತ್ರ ಒಡೆದು ಬರುತ್ತದೆ. ಗಂಟೆಗಟ್ಟಲೆ ಮಿಕ್ಸರ್ ತಡಕಾಡುವವರು ಈ ಸ್ವಿಚ್ಚನ್ನು ನೋಡಿರುವುದೇ ಇಲ್ಲ.

## ಹಂತ 2: ಎಲ್ಲವನ್ನೂ ತಳಕ್ಕೆ ಇಳಿಸುವುದು

ಹಿಂದಿನವರು ಬಿಟ್ಟುಹೋದ ಹೊಂದಿಕೆಯ ಮೇಲೆ ಕೆಲಸ ಶುರು ಮಾಡಬಾರದು. ಎಲ್ಲ ಚಾನೆಲ್‌ಗಳ ಗೇನ್ ಕನಿಷ್ಠಕ್ಕೆ, ಫೇಡರ್‌ಗಳು (ಜಾರಿಸುವ ಮಟ್ಟದ ಗುಂಡಿಗಳು) ಮತ್ತು ಮಾಸ್ಟರ್ ಪೂರ್ತಿ ಕೆಳಕ್ಕೆ, ಹೈ, ಮಿಡ್, ಲೋ ನಾಬ್‌ಗಳು ನೆಟ್ಟಗೆ ನಡುವಿಗೆ, ಮಾನಿಟರ್‌ಗೆ ಸದ್ದು ಕಳಿಸುವ ಆಕ್ಸ್ ನಾಬ್‌ಗಳು ಮುಚ್ಚಿ. ಆಂಪ್ಲಿಫೈಯರ್‌ನ ನಾಬ್‌ಗಳೂ ಮುಚ್ಚಿರಲಿ. ಈಗ ಮಿಕ್ಸರ್ ಮಾತ್ರ ಆನ್ ಮಾಡಿ.

ಮಿಕ್ಸರ್‌ನಿಂದ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕ್ ಇದ್ದರೆ ಆ 48 ವೋಲ್ಟ್‌ನ ವಿದ್ಯುತ್, ಅಂದರೆ ಫ್ಯಾಂಟಮ್, ಈಗಲೇ ಕೊಡಿ. ಆಂಪ್ಲಿಫೈಯರ್ ಆನ್ ಆದ ಮೇಲೆ ಆ ಗುಂಡಿ ಒತ್ತಿದರೆ ಬರುವ ‘ಢಬ್’ ಎಂಬ ಸದ್ದನ್ನು ತಿನ್ನುವುದು ಸ್ಪೀಕರ್‌ನ ಕೋನ್.

## ಹಂತ 3: ಗೇನ್, ಒಂದೊಂದೇ ಚಾನೆಲ್

ಇಡೀ ವ್ಯವಸ್ಥೆಯ ಗುಣ ನಿರ್ಧಾರವಾಗುವುದು ಇಲ್ಲಿ. ಮೈಕ್‌ನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟ್‌ನಷ್ಟಿರುತ್ತದೆ. ಅದನ್ನು ಕೆಲಸಕ್ಕೆ ಬರುವ ಮಟ್ಟಕ್ಕೆ ಎತ್ತುವುದು ಗೇನ್ ನಾಬ್ ಒಂದೇ. ಇಲ್ಲಿ ಕಡಿಮೆ ಎತ್ತಿ ಮುಂದೆ ಮಾಸ್ಟರ್‌ನಲ್ಲೋ ಆಂಪ್ಲಿಫೈಯರ್‌ನಲ್ಲೋ ಸರಿದೂಗಿಸಲು ಹೋದರೆ ಹಾಡಿನ ಜತೆಗೆ ಮಿಕ್ಸರ್‌ನ ಒಳಗದ್ದಲವೂ ಏರುತ್ತದೆ. ಯಾರೂ ಹಾಡದಿದ್ದಾಗ ಕೇಳುವ ಆ ‘ಸುಯ್’ ಹುಟ್ಟುವುದು ಹೀಗೆ. ಇಲ್ಲೇ ಹೆಚ್ಚು ಎತ್ತಿದರೆ ಧ್ವನಿ ಮೊದಲ ಮೆಟ್ಟಿಲಲ್ಲೇ ಒಡೆಯುತ್ತದೆ, ಫೇಡರ್ ಎಷ್ಟು ಇಳಿಸಿದರೂ ಒಡಕು ಹೋಗುವುದಿಲ್ಲ.

ಮಾಡುವ ವಿಧಾನ ಹೀಗೆ: ಮೊದಲ ಗಾಯಕರನ್ನು ಮೈಕ್ ಮುಂದೆ ನಿಲ್ಲಿಸಿ. ಆ ಚಾನೆಲ್‌ನ ಪಿಎಫ್‌ಎಲ್ ಅಥವಾ ಸೋಲೊ ಗುಂಡಿ ಒತ್ತಿ. ಮೀಟರ್ ಈಗ ಆ ಒಂದು ಚಾನೆಲ್ಲನ್ನು ಮಾತ್ರ ತೋರಿಸುತ್ತದೆ, ಹೆಡ್‌ಫೋನ್‌ನಲ್ಲಿಯೂ ಅದೊಂದೇ ಕೇಳುತ್ತದೆ. ‘ಹಲೋ, ಮೈಕ್ ಟೆಸ್ಟಿಂಗ್’ ಎನ್ನಿಸಬೇಡಿ. ಅವತ್ತು ಹಾಡಲಿರುವ ಹಾಡುಗಳಲ್ಲಿ ಅತ್ಯಂತ ಎತ್ತರದ ಸಾಲನ್ನು, ಸಭೆಯ ಮುಂದೆ ಹಾಡುವಷ್ಟೇ ಗಟ್ಟಿಯಾಗಿ ಹಾಡಿಸಿ. ಗೇನ್ ನಿಧಾನವಾಗಿ ಏರಿಸುತ್ತಾ ಬನ್ನಿ. ಹಾಡಿನ ಸಾಮಾನ್ಯ ಭಾಗ ಮೀಟರ್‌ನ ಸೊನ್ನೆಯ ಸುತ್ತ ಆಡುತ್ತಾ, ಏರುಗಳು +6ರ ಸುತ್ತ ಮುಟ್ಟಿ ಬಂದರೆ ಅಲ್ಲಿಗೆ ನಿಲ್ಲಿಸಿ. ಕೆಂಪು ದೀಪ ಒಮ್ಮೆಯೂ ಮಿನುಗಬಾರದು.

ಪರೀಕ್ಷೆಯಲ್ಲಿ ಮೆಲ್ಲಗೆ ಹಾಡುವ ಗಾಯಕರು ಜನ ತುಂಬಿದ ಮೇಲೆ ಖಂಡಿತ ಗಟ್ಟಿಯಾಗಿ ಹಾಡುತ್ತಾರೆ. ಸಂಕೋಚದ ದನಿಯನ್ನು ನಂಬಿ ಗೇನ್ ಏರಿಸಿದ್ದರೆ ಮೊದಲ ಪಲ್ಲವಿಗೇ ಕೆಂಪು ಬೆಳಗುತ್ತದೆ. ಅನುಮಾನವಿದ್ದರೆ 5-6 ಡಿಬಿಯಷ್ಟು (ಡಿಬಿ ಎಂದರೆ ಡೆಸಿಬೆಲ್, ಮಟ್ಟದ ಅಳತೆ) ಕಡಿಮೆ ಇಡಿ.

ಪಿಎಫ್‌ಎಲ್ ಇಲ್ಲದ ಚಿಕ್ಕ ಮಿಕ್ಸರ್‌ನಲ್ಲಿ ಚಾನೆಲ್‌ನ ಪೀಕ್ ದೀಪವೇ ಗತಿ. ಗಟ್ಟಿಯಾದ ಸಾಲಿಗೆ ಅದು ಮಿನುಗುವವರೆಗೆ ಏರಿಸಿ, ಮಿನುಗು ನಿಲ್ಲುವವರೆಗೆ ಇಳಿಸಿ, ಅಲ್ಲಿಂದ ಇನ್ನೂ ಸ್ವಲ್ಪ ಇಳಿಸಿ. ಡಿಜಿಟಲ್ ಮಿಕ್ಸರ್‌ನ ಲೆಕ್ಕ ಬೇರೆ: ಅಲ್ಲಿ ಸೊನ್ನೆಯೇ ಛಾವಣಿ, ಅದರ ಮೇಲೆ ಏನೂ ಇಲ್ಲ. ಸರಾಸರಿ ಮೈನಸ್ 18ರ ಸುತ್ತ, ಏರುಗಳು ಮೈನಸ್ 6ರ ಕೆಳಗೆ ಇರಲಿ. ಅನಲಾಗ್‌ನಲ್ಲಿ ಪಳಗಿದ ಕೈ ಡಿಜಿಟಲ್‌ಗೆ ಹೋದಾಗ ಮಾಡುವ ಮೊದಲ ತಪ್ಪು ಮೀಟರನ್ನು ಸೊನ್ನೆಗೆ ಮುಟ್ಟಿಸಲು ಹೋಗುವುದು.

ವಾದ್ಯಗಳ ವಿಚಾರದಲ್ಲಿ ಕೆಲವು ಸಂಗತಿ ಗಮನಿಸಿ. ತಬಲಾದ ಬಲಗೈಯ ಪೆಟ್ಟು ಎಷ್ಟು ಚುರುಕೆಂದರೆ ಮೀಟರ್‌ನ ದೀಪಗಳು ಅದನ್ನು ಪೂರ್ತಿ ಹಿಡಿಯುವುದಿಲ್ಲ. ಮೀಟರ್ ಮೈನಸ್ 6 ತೋರಿಸುತ್ತಿದ್ದಾಗಲೂ ಪೆಟ್ಟಿನ ತುದಿ ಬಹಳ ಮೇಲಿರಬಹುದು. ಗೇನ್ ಕಡಿಮೆ ಇಟ್ಟು ಅದಕ್ಕೆ ಹೆಚ್ಚು ಜಾಗ ಬಿಡಿ. ಕೀಬೋರ್ಡ್‌ನ ವಾಲ್ಯೂಮ್ ಮುಕ್ಕಾಲಿನಷ್ಟು ಇಡಿಸಿ, ಅದನ್ನು ನಡುವೆ ಮುಟ್ಟಬಾರದೆಂದು ವಾದಕರ ಜತೆ ಮೊದಲೇ ಮಾತಾಡಿಕೊಳ್ಳಿ. ರಿದಮ್ ಪ್ಯಾಡ್‌ನಲ್ಲಿ ಒಂದೊಂದು ಸದ್ದಿಗೆ ಒಂದೊಂದು ಮಟ್ಟವಿರುತ್ತದೆ. ಅತಿ ಜೋರಿನದನ್ನು ಬಾರಿಸಲು ಹೇಳಿ ಅದಕ್ಕೆ ಗೇನ್ ಹೊಂದಿಸಿ. ಇಂಥ ಲೈನ್ ಮಟ್ಟದ ಉಪಕರಣವನ್ನು ಡಿಐ ಇಲ್ಲದೆ ನೇರವಾಗಿ ಮೈಕ್ ಸಾಕೆಟ್‌ಗೆ ಕೊಟ್ಟರೆ ಗೇನ್ ಕನಿಷ್ಠದಲ್ಲಿದ್ದರೂ ಒಡೆಯಬಹುದು. ಲೈನ್ ಸಾಕೆಟ್ ಬಳಸಿ, ಇಲ್ಲವೇ ಮಿಕ್ಸರ್‌ನಲ್ಲಿ ಮಟ್ಟ ತಗ್ಗಿಸುವ ‘ಪ್ಯಾಡ್’ ಗುಂಡಿ ಒತ್ತಿ.

ಕಾರ್ಡ್‌ಲೆಸ್ ಮೈಕ್‌ನ ರಿಸೀವರ್‌ಗೆ ತನ್ನದೇ ವಾಲ್ಯೂಮ್ ಇರುತ್ತದೆ. ಅದು ಕಾಲುಭಾಗಕ್ಕೆ ಇಳಿದಿದ್ದು, ನೀವು ಮಿಕ್ಸರ್‌ನಲ್ಲಿ ಗೇನ್ ಎಳೆಯುತ್ತಾ ಹೋದರೆ ಸಿಗುವುದು ಬರೀ ಗದ್ದಲ. ರಿಸೀವರ್ ವಾಲ್ಯೂಮ್ ಮುಕ್ಕಾಲಿನಲ್ಲಿಟ್ಟು ಆಮೇಲೆ ಗೇನ್ ಹೊಂದಿಸಿ.

ಯಕ್ಷಗಾನಕ್ಕೆ ಧ್ವನಿ ಕೊಡುವವರಿಗೆ ಇಲ್ಲೊಂದು ಮಾತು. ಭಾಗವತರ ಮೈಕ್‌ಗೆ ಚೆಂಡೆಯ ಸದ್ದು ನುಗ್ಗಿಯೇ ನುಗ್ಗುತ್ತದೆ. ಗೇನ್ ಹೊಂದಿಸುವಾಗ ಚೆಂಡೆಯನ್ನೂ ಬಾರಿಸಲು ಹೇಳಿ. ಭಾಗವತರ ದನಿಯನ್ನಷ್ಟೇ ಕೇಳಿ ಇಟ್ಟ ಗೇನ್ ಚೆಂಡೆ ಶುರುವಾದೊಡನೆ ಕ್ಲಿಪ್ ಆಗುತ್ತದೆ, ಅಂದರೆ ಮಿತಿ ಮೀರಿ ಒಡೆಯುತ್ತದೆ. ಚಿಕ್ಕ ಸಭಾಂಗಣದಲ್ಲಿ ಚೆಂಡೆಗೆ ಪ್ರತ್ಯೇಕ ಮೈಕ್ ಬೇಕೇ ಎಂಬುದನ್ನೂ ಯೋಚಿಸಿ. ನನ್ನ ಪ್ರಕಾರ ಬೇಡ.

ಗಾಯಕರ ಮತ್ತು ನಿರೂಪಕಿಯ ಚಾನೆಲ್‌ಗಳಲ್ಲಿ ಲೋ ಕಟ್ ಗುಂಡಿ ಒತ್ತಿ. ಅದು 80ರಿಂದ 100 ಹರ್ಟ್ಸ್‌ನ ಕೆಳಗಿನ ಗಾಳಿಯ ಸದ್ದು, ವೇದಿಕೆಯ ಮೇಲಿನ ಹೆಜ್ಜೆಯ ಸದ್ದುಗಳನ್ನು ತಡೆಯುತ್ತದೆ. ಹೈ, ಲೋ ನಾಬ್‌ಗಳನ್ನು ಏರಿಸಿದರೆ ಮಟ್ಟವೂ ಏರುತ್ತದೆ; ಅವನ್ನು ಬದಲಿಸಿದ ಮೇಲೆ ಮತ್ತೊಮ್ಮೆ ಪೀಕ್ ದೀಪ ಗಮನಿಸಿ.

## ಹಂತ 4: ಫೇಡರ್ ಮತ್ತು ಮಾಸ್ಟರ್

ಗೇನ್‌ಗಳು ಕುಳಿತ ಮೇಲೆ ಮಾಸ್ಟರನ್ನು ಸೊನ್ನೆಯ ಗೆರೆಗೆ ತನ್ನಿ. ಮುಖ್ಯ ಗಾಯಕರ ಫೇಡರ್ ಕೂಡ ಸೊನ್ನೆಗೆ. ಉಳಿದವನ್ನು ಅದಕ್ಕೆ ಹೊಂದುವಂತೆ ಹೆಡ್‌ಫೋನ್‌ನಲ್ಲಿ ಕೇಳುತ್ತಾ ಏರಿಸಿ.

ಸೊನ್ನೆಯ ಗೆರೆಗೆ ಇಷ್ಟು ಮಹತ್ವ ಏಕೆಂದರೆ ಫೇಡರ್‌ನ ಪಟ್ಟಿ ಉದ್ದಕ್ಕೂ ಒಂದೇ ಅಳತೆಯದಲ್ಲ. ಸೊನ್ನೆಯ ಹತ್ತಿರ ಬೆರಳಗಲ ಸರಿಸಿದರೆ ಕೆಲವೇ ಡಿಬಿ ವ್ಯತ್ಯಾಸ. ಅಷ್ಟೇ ದೂರವನ್ನು ತಳದಲ್ಲಿ ಸರಿಸಿದರೆ ಹತ್ತಿಪ್ಪತ್ತು ಡಿಬಿ ಹಾರುತ್ತದೆ. ಫೇಡರ್ ತಳದಲ್ಲೇ ಆಡಿಸಬೇಕಾಗಿ ಬಂದಿದೆ ಎಂದರೆ ಆ ಚಾನೆಲ್‌ನ ಗೇನ್ ಹೆಚ್ಚಾಗಿದೆ ಅಥವಾ ಆಂಪ್ಲಿಫೈಯರ್ ಅತಿಯಾಗಿ ತೆರೆದಿದೆ.

ಎಂಟು ಹತ್ತು ಚಾನೆಲ್ ಸೇರಿದಾಗ ಮಾಸ್ಟರ್ ಮೀಟರ್ ಸಹಜವಾಗಿಯೇ ಏರುತ್ತದೆ. ಸಮಾನ ಮಟ್ಟದ ಚಾನೆಲ್‌ಗಳು ಎರಡರಷ್ಟಾದಾಗಲೆಲ್ಲ ಸುಮಾರು 3 ಡಿಬಿ ಕೂಡಿಕೊಳ್ಳುತ್ತದೆ. ಕೆಂಪು ಬಂತೆಂದು ಮಾಸ್ಟರ್ ಇಳಿಸುವುದು ಪೂರ್ತಿ ಪರಿಹಾರವಲ್ಲ. ಚಾನೆಲ್‌ಗಳು ಒಂದುಗೂಡುವ ಜಾಗ ಮಾಸ್ಟರ್ ಫೇಡರ್‌ಗಿಂತ ಮೊದಲು ಬರುವುದರಿಂದ ಅಲ್ಲಿಯೇ ಒಡೆದಿರಬಹುದು. ಚಾನೆಲ್ ಫೇಡರ್‌ಗಳನ್ನೆಲ್ಲ ಒಟ್ಟಾಗಿ ಒಂದಿಷ್ಟು ಇಳಿಸಿ.

## ಹಂತ 5: ಆಂಪ್ಲಿಫೈಯರ್

ಈಗ ಆಂಪ್ಲಿಫೈಯರ್ ಆನ್ ಮಾಡಿ, ನಾಬ್ ಮುಚ್ಚಿರುವಾಗಲೇ.

ಆಂಪ್ಲಿಫೈಯರ್‌ನ ನಾಬ್ ಪವರ್‌ನ ನಾಬ್ ಅಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಳ್ಳಿ. ಅದು ಕೆರೆಯ ತೂಬಿನ ಹಾಗೆ, ಒಳಬರುವ ಸಂಕೇತವನ್ನು ಎಷ್ಟು ಬಿಡಬೇಕು ಎಂದಷ್ಟೇ ಹೇಳುತ್ತದೆ. ‘ಅರ್ಧಕ್ಕಿಟ್ಟಿದ್ದೇನೆ, 1000 ವಾಟ್‌ನಲ್ಲಿ 500 ಮಾತ್ರ ಹೋಗುತ್ತದೆ’ ಎಂಬುದು ತಪ್ಪು ಲೆಕ್ಕ. ನಾಬ್ ಅರ್ಧದಲ್ಲಿದ್ದಾಗಲೂ ಮಿಕ್ಸರ್ ಸಾಕಷ್ಟು ತಳ್ಳಿದರೆ ಪೂರ್ತಿ 1000 ವಾಟ್ ಹೊರಬರುತ್ತದೆ, ಅದನ್ನೂ ಮೀರಿ ಕ್ಲಿಪ್ ಆಗುತ್ತದೆ.

ಹಾಗಾದರೆ ಎಲ್ಲಿಡಬೇಕು? ಕೈಪಿಡಿಯಲ್ಲಿ ಸೆನ್ಸಿಟಿವಿಟಿ ಎಂಬ ಅಂಕಿ ನೋಡಿ. ಸಾಮಾನ್ಯವಾಗಿ 0.775, 1 ಅಥವಾ 1.4 ವೋಲ್ಟ್ ಎಂದಿರುತ್ತದೆ. ನಾಬ್ ಪೂರ್ತಿ ತೆರೆದಿದ್ದರೆ ಇಷ್ಟು ವೋಲ್ಟ್‌ಗೇ ಆಂಪ್ಲಿಫೈಯರ್ ತನ್ನ ಗರಿಷ್ಠ ಪವರ್ ಮುಟ್ಟುತ್ತದೆ. ಬಹಳಷ್ಟು ಮಿಕ್ಸರ್‌ಗಳು ಮೀಟರ್ ಸೊನ್ನೆ ತೋರಿಸುವಾಗಲೇ +4 ಡಿಬಿಯು, ಅಂದರೆ 1.23 ವೋಲ್ಟ್ ಕೊಡುತ್ತವೆ. ಏರುಗಳಲ್ಲಿ ಅವು +20 ಡಿಬಿಯುವರೆಗೂ, ಅಂದರೆ 7.75 ವೋಲ್ಟ್‌ವರೆಗೂ ಹೋಗಬಲ್ಲವು. ಒಂದು ವೋಲ್ಟ್ ಸಾಕೆನ್ನುವ ಆಂಪ್ಲಿಫೈಯರ್‌ಗೆ ಏಳು ವೋಲ್ಟ್ ನುಗ್ಗುತ್ತದೆ. ನಾಬ್ ಪೂರ್ತಿ ತೆರೆದಿಟ್ಟವರ ಮಿಕ್ಸರ್ ಮೀಟರ್ ಹಸಿರಿನಲ್ಲೇ ತಣ್ಣಗಿರುವಾಗ ಆಂಪ್ಲಿಫೈಯರ್ ಕೆಂಪು ಕಾರುವುದಕ್ಕೆ ಇದೇ ಕಾರಣ.

ಬಾಯಿಪಾಠವಿರುವ ಆ ಹಾಡನ್ನು ಈಗ ಹಚ್ಚಿ. ಮಾಸ್ಟರ್ ಮೀಟರ್ ಸೊನ್ನೆಯ ಸುತ್ತ ಆಡುವಂತೆ ಮಾಡಿ. ಒಬ್ಬರನ್ನು ಆಂಪ್ಲಿಫೈಯರ್ ಬಳಿ ನಿಲ್ಲಿಸಿ, ನಾಬನ್ನು ಒಂದೊಂದೇ ಗೆರೆಯಷ್ಟು ಏರಿಸಲು ಹೇಳಿ. ನೀವು ಸಭಾಂಗಣದ ಕೊನೆಯ ಸಾಲಿಗೆ ನಡೆದುಹೋಗಿ. ಕಾರ್ಯಕ್ರಮಕ್ಕೆ ಬೇಕಾದ ಅತಿ ಹೆಚ್ಚಿನ ಮಟ್ಟ ಎಂದು ಅಲ್ಲಿ ನಿಮಗೆ ಅನ್ನಿಸಿದಾಗ ಕೈ ಎತ್ತಿ. ಅಲ್ಲಿಗೆ ನಿಲ್ಲಲಿ. ಎಡ ಬಲ ಎರಡೂ ನಾಬ್ ಒಂದೇ ಗೆರೆಯಲ್ಲಿರಲಿ. ಬಿಳಿ ಟೇಪ್ ಅಂಟಿಸಿ ಗುರುತು ಮಾಡಿ, ಆ ಮೇಲೆ ಯಾರೂ ಅದನ್ನು ಮುಟ್ಟಬಾರದು. ನಾಬ್ ಅರ್ಧಕ್ಕೂ ಕೆಳಗೆ ನಿಂತರೆ ಗಾಬರಿ ಬೇಡ, ಅದು ಒಳ್ಳೆಯದೇ. ಆಂಪ್ಲಿಫೈಯರ್‌ನಲ್ಲಿ ಮಟ್ಟ ಮಿತಿ ಮೀರದಂತೆ ತಡೆಯುವ ಲಿಮಿಟರ್ ಸ್ವಿಚ್ ಇದ್ದರೆ ಆನ್ ಮಾಡಿ.

ನಾಬ್ ಏರಿಸಿದಂತೆ ಮಟ್ಟ ಸಿಗುವ ಮೊದಲೇ ಕ್ಲಿಪ್ ದೀಪ ಮಿನುಗತೊಡಗಿದರೆ ನಿಮ್ಮ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಆ ಜಾಗಕ್ಕೆ ಸಾಲುವುದಿಲ್ಲ ಎಂದರ್ಥ. ಇದಕ್ಕೆ ನಾಬ್‌ನಲ್ಲಿ ಪರಿಹಾರವಿಲ್ಲ. ವಾಟ್ ಎರಡರಷ್ಟು ಮಾಡಿದರೂ ಸಿಗುವುದು 3 ಡಿಬಿ ಮಾತ್ರ. ಅದಕ್ಕಿಂತ ಟಾಪ್‌ಗಳನ್ನು ಕುಳಿತವರ ತಲೆಯ ಮೇಲೆ ಬರುವಂತೆ ಸ್ಟ್ಯಾಂಡ್‌ಗೆ ಏರಿಸಿದರೆ ಹೆಚ್ಚು ಲಾಭ.

ಡ್ರೈವರ್ ಸುಡುವ ಬಗೆ ಹೀಗೆ: ಕ್ಲಿಪ್ ಆದಾಗ ಅಲೆಯ ತುದಿ ಚಪ್ಪಟೆಯಾಗುತ್ತದೆ. ಪೂರ್ತಿ ಚಪ್ಪಟೆಯಾದ ಚೌಕ ಅಲೆಯ ಪವರ್ ಅಷ್ಟೇ ಎತ್ತರದ ಸೈನ್ ಅಲೆಯ ಎರಡರಷ್ಟು. ಅದರ ಜತೆಗೆ ಮೂಲದಲ್ಲಿ ಇಲ್ಲದ ಎತ್ತರದ ಕಂಪನಗಳೂ ಹುಟ್ಟಿಕೊಳ್ಳುತ್ತವೆ, ಅವು ಹೋಗಿ ಸೇರುವುದು ಚುರುಕು ಸದ್ದನ್ನು ನುಡಿಸುವ ಹಾರ್ನ್ ಡ್ರೈವರ್‌ಗೆ. ಕೂದಲಿನಷ್ಟು ತೆಳ್ಳಗಿನ ಕಾಯಿಲ್ ಆ ಬಿಸಿಯನ್ನು ಹೆಚ್ಚು ಹೊತ್ತು ತಾಳುವುದಿಲ್ಲ. ಚಿಕ್ಕ ಆಂಪ್ಲಿಫೈಯರನ್ನು ಹಿಂಡುತ್ತಾ ಹೋದರೂ ಡ್ರೈವರ್ ಹೋಗುತ್ತದೆ ಎಂಬುದು ಇದಕ್ಕೇ.

ಬಯಲಿನ ಕಾರ್ಯಕ್ರಮವಾದರೆ ಇನ್ನೊಂದು ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಿಶೇಷ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ವಸತಿ ಪ್ರದೇಶದ ಹಗಲಿನ ಮಿತಿ 55 ಡಿಬಿ. ಮೊಬೈಲ್‌ನ ಡಿಬಿ ಆ್ಯಪ್ ಕರಾರುವಾಕ್ಕಲ್ಲ, ಆದರೆ ಅತಿಯಾಗಿದೆಯೇ ಎಂದು ತಿಳಿಯಲು ಸಾಕು.

## ಹಂತ 6: ಮಾನಿಟರ್, ಆಮೇಲೆ ಫೀಡ್‌ಬ್ಯಾಕ್

ಮಾನಿಟರ್‌ಗೆ ಹೋಗುವ ಆಕ್ಸ್ ‘ಪ್ರೀ’ ಆಗಿರಲಿ. ಆಗ ನೀವು ಫೇಡರ್ ಆಡಿಸಿದರೂ ಗಾಯಕರಿಗೆ ಕೇಳುವುದು ಬದಲಾಗುವುದಿಲ್ಲ. ಪ್ರತಿ ಮಾನಿಟರ್‌ಗೆ ಅಲ್ಲಿರುವವರಿಗೆ ಅಗತ್ಯವಾದದ್ದನ್ನು ಮಾತ್ರ ಕೊಡಿ. ಎಲ್ಲರೂ ‘ನನ್ನದು ಸ್ವಲ್ಪ ಜಾಸ್ತಿ’ ಎಂದೇ ಕೇಳುವುದು. ಒಬ್ಬರದನ್ನು ಏರಿಸುವ ಬದಲು ಉಳಿದವರದನ್ನು ಇಳಿಸಿ ನೋಡಿ. ಹೆಚ್ಚಿನ ಸಲ ಅಷ್ಟಕ್ಕೇ ತೃಪ್ತಿಯಾಗುತ್ತದೆ.

ಎಲ್ಲ ಮೈಕ್ ತೆರೆದಿಟ್ಟು ಮೊದಲು ಮಾನಿಟರ್, ಆಮೇಲೆ ಮಾಸ್ಟರ್ ನಿಧಾನವಾಗಿ ಏರಿಸಿ. ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೊಕ್ಕು ಹುಟ್ಟುವ ಕಿರುಚು, ಅಂದರೆ ಫೀಡ್‌ಬ್ಯಾಕ್, ಶುರುವಾಗುವ ಮುನ್ನ ಸದ್ದಿಗೆ ಒಂದು ಬಗೆಯ ಬಾಲ ಹತ್ತಿಕೊಳ್ಳುತ್ತದೆ, ಅಲ್ಲೇ ನಿಲ್ಲಿಸಿ. ಆ ಬಾಲ ‘ಊ’ ಎಂಬಂತಿದ್ದರೆ 250ರಿಂದ 500 ಹರ್ಟ್ಸ್, ‘ಆ’ ಎಂಬಂತಿದ್ದರೆ 1000ದ ಸುತ್ತ, ‘ಈ’ ಎಂದು ಚುಚ್ಚಿದರೆ 3000ದ ಮೇಲೆ ಹುಡುಕಿ. ಗ್ರಾಫಿಕ್ ಈಕ್ವಲೈಜರ್‌ನಲ್ಲಿ (ಒಂದೊಂದು ಕಂಪನದ ಪಟ್ಟಿಯನ್ನು ಬೇರೆ ಬೇರೆಯಾಗಿ ಏರಿಳಿಸುವ ಉಪಕರಣ) ಆ ಒಂದು ಪಟ್ಟಿಯನ್ನು 3 ಡಿಬಿಯಷ್ಟು ಇಳಿಸಿ, ಮತ್ತೆ ಏರಿಸಿ ನೋಡಿ. ಮೂರು ನಾಲ್ಕು ಪಟ್ಟಿಗಿಂತ ಹೆಚ್ಚು ಇಳಿಸಬೇಕಾಗಿ ಬಂದರೆ ತಪ್ಪು ಮೈಕ್ ಅಥವಾ ಸ್ಪೀಕರ್ ಇಟ್ಟ ಜಾಗದ್ದು. ಟಾಪ್‌ಗಳು ಮೈಕ್‌ಗಳಿಗಿಂತ ಮುಂದೆ, ಸಭೆಯ ಕಡೆ ಇರಬೇಕು. ಕೊನೆಗೆ ಮಾಸ್ಟರನ್ನು ಕಿರುಚುವ ಬಿಂದುವಿನಿಂದ 6 ಡಿಬಿ ಕೆಳಕ್ಕೆ ತಂದು ಬಿಡಿ.

## ಹಂತ 7: ಕಾರ್ಯಕ್ರಮ ನಡೆಯುವಾಗ

ಈಗ ನಿಮ್ಮ ಕೈ ಇರಬೇಕಾದದ್ದು ಫೇಡರ್‌ಗಳ ಮೇಲೆ ಮಾತ್ರ. ಹಾಡಿನ ನಡುವೆ ಗೇನ್ ತಿರುಗಿಸಿದರೆ ಮಾನಿಟರ್, ಎಕೋ, ವಿಡಿಯೊದವರಿಗೆ ಕೊಟ್ಟ ಲೈನ್ ಎಲ್ಲವೂ ಒಟ್ಟಿಗೆ ಅಲುಗಾಡುತ್ತವೆ. ವೇದಿಕೆಯ ಮೇಲೆ ಫೀಡ್‌ಬ್ಯಾಕ್ ಏಳುವುದು ಹೆಚ್ಚಾಗಿ ಹೀಗೆಯೇ. ಕೆಂಪು ದೀಪ ಎಡೆಬಿಡದೆ ಮಿನುಗಿದರೆ ಮಾತ್ರ ಗೇನ್ ಮುಟ್ಟಿ, ಅದೂ ಹಾಡು ಮುಗಿದ ಮೇಲೆ.

ಬಳಸದ ಮೈಕ್ ಮುಚ್ಚಿಡಿ. ತೆರೆದ ಮೈಕ್‌ಗಳು ಎರಡರಷ್ಟಾದರೆ ಫೀಡ್‌ಬ್ಯಾಕ್‌ಗೆ ಮೊದಲು ಸಿಗುವ ಮಟ್ಟ 3 ಡಿಬಿ ಕುಗ್ಗುತ್ತದೆ. ಮುಖ್ಯ ಅತಿಥಿಗಳು ಮೈಕನ್ನು ಎದೆಯ ಹತ್ತಿರ ಹಿಡಿದು ಮಾತಾಡುತ್ತಾರೆ, ಇದಕ್ಕೆ ಗೇನ್ ಏರಿಸುವುದು ಮದ್ದಲ್ಲ. ಸ್ಟ್ಯಾಂಡ್‌ಗೆ ಹಾಕಿ, ಬಾಯಿಂದ ಒಂದು ಗೇಣಿನೊಳಗೆ ಇರುವಂತೆ ಸರಿಪಡಿಸಲು ಯಾರನ್ನಾದರೂ ಕಳಿಸಿ. ಭಾಷಣದ ಹೊತ್ತಿಗೆ ಎಕೋ ಮುಚ್ಚುವುದನ್ನು ಮರೆಯಬೇಡಿ. ಸ್ವಾಗತ ಭಾಷಣ ಬಾವಿಯೊಳಗಿಂದ ಬಂದಂತೆ ಕೇಳಿಸಬೇಕಾಗಿಲ್ಲ.

ಎಚ್ಚರಿಕೆಯ ಲಕ್ಷಣಗಳಲ್ಲಿ ಕ್ಲಿಪ್ ದೀಪಕ್ಕಿಂತ ಮೊದಲು ಕಿವಿಗೆ ಸಿಗುವುದು ‘ಸ’ ‘ಶ’ ಅಕ್ಷರಗಳು ಚರಚರ ಎನ್ನುವುದು. ಎಲ್ಲೋ ಒಂದು ಕಡೆ ಒಡೆಯುತ್ತಿದೆ. ಹೆಡ್‌ಫೋನ್ ಹಾಕಿ ಆ ಚಾನೆಲ್ ಕೇಳಿ. ಅಲ್ಲಿಯೂ ಒಡಕಿದ್ದರೆ ಗೇನ್‌ನ ತಪ್ಪು, ಹೆಡ್‌ಫೋನ್‌ನಲ್ಲಿ ಶುದ್ಧವಾಗಿದ್ದರೆ ಮುಂದಿನದು, ಅಂದರೆ ಚಾನೆಲ್‌ಗಳು ಒಂದುಗೂಡುವ ಜಾಗ, ಆಂಪ್ಲಿಫೈಯರ್ ಅಥವಾ ಸ್ಪೀಕರ್. ಸದ್ದು ತಟ್ಟನೆ ಮಂಕಾದರೆ ಡ್ರೈವರ್ ಹೋಗಿರಬಹುದು. ಆಗ ಹೈ ನಾಬ್ ಏರಿಸಿದರೆ ಉಳಿದಿರುವ ಇನ್ನೊಂದು ಬದಿಯ ಡ್ರೈವರ್ ಕೂಡ ಹೋಗುತ್ತದೆ. ಆಂಪ್ಲಿಫೈಯರ್ ಆಗಾಗ ತಾನೇ ಆರಿ ಮತ್ತೆ ಹೊತ್ತಿಕೊಂಡರೆ ಬಿಸಿ ಅಥವಾ ಓಮ್‌ನ ಸಮಸ್ಯೆ. ಗಾಳಿಯ ಕಿಂಡಿಗೆ ಶಾಮಿಯಾನದ ಬಟ್ಟೆ ಅಡ್ಡ ಬಂದಿದೆಯೇ ಮೊದಲು ನೋಡಿ.

## ಹಂತ 8: ಆರಿಸುವ ಕ್ರಮ

ಹೊತ್ತಿಸುವಾಗ ಆಂಪ್ಲಿಫೈಯರ್ ಕೊನೆಗೆ, ಆರಿಸುವಾಗ ಮೊದಲು. ವಂದನಾರ್ಪಣೆ ಮುಗಿದೊಡನೆ ಮಾಸ್ಟರ್ ಇಳಿಸಿ, ಆಂಪ್ಲಿಫೈಯರ್ ಆರಿಸಿ, ಅದರ ದೀಪಗಳು ಪೂರ್ತಿ ನಂದುವವರೆಗೆ ಕಾಯ್ದು ಆಮೇಲೆ ಮಿಕ್ಸರ್ ಆರಿಸಿ. ಕಲಾವಿದರು ಅವಸರದಲ್ಲಿ ಕೀಬೋರ್ಡ್‌ನ ತಂತಿ ಕೀಳುವುದು ಇದೇ ಹೊತ್ತಿಗೆ, ಆದ್ದರಿಂದ ನೀವು ಸನ್ನೆ ಮಾಡುವವರೆಗೆ ಯಾವ ಪ್ಲಗ್ಗನ್ನೂ ಕೀಳದಂತೆ ಮೊದಲೇ ಹೇಳಿರಿ. ಮಿಕ್ಸರ್ ಪೆಟ್ಟಿಗೆಗೆ ಸೇರಿಸುವ ಮುನ್ನ ಅದರ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ತಂಡ ಅದೇ ಭವನಕ್ಕೆ ಮತ್ತೆ ಬಂದಾಗ ಗೇನ್‌ಗಳನ್ನು ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರುತ್ತದೆ.